ಕುತ್ತಿಗಿ ಹಿಡದೈತ್ರಿ ಸರ

ಗದಗ ಕಡೆಯ ಹುಡುಗ. ಹಿಂದಿನ ಸಂಜೆ ಹಂಪ್ ಕಾಣದೆ ಬೈಕಿನಿಂದ ಬಿದ್ದಿದ್ದ. ಬೆಳಿಗ್ಗೆ ಬಸ್ ಹತ್ತಿ ಹುಬ್ಬಳ್ಳಿಗೆ ಬಂದು, ನಮ್ಮ ಎಮರ್ಜೆನ್ಸಿಗೆ ನಡೆದುಕೊಂಡೇ ಬಂದ. ಒಂದು ಕೈಯಲ್ಲಿ ಗದ್ದ ಹಿಡಿದುಕೊಂಡಿದ್ದ. "ಏನಿಲ್ರಿ ಸರ, ಕುತ್ತಿಗಿ ಹಿಡದೈತಿ. ಒಂದ್ ಸೂಜಿ ಮಾಡ್ರಿ, ಹೊಕ್ಕೀನಿ" ಅಂದ.

ನನಗೆ ಗಾಬರಿಯಾದದ್ದು ಆ ಕೈ ನೋಡಿ. ಬಿದ್ದ ಮೇಲೆ ತಲೆಯ ಭಾರವನ್ನು ಕೈಯಲ್ಲಿ ಹೊತ್ತು ಬರುವವರದು ಬರೀ ಉಳುಕು ಅಂತ ಬಿಡುವ ಹಾಗಿಲ್ಲ. ಮೊದಲು ಮಲಗಿಸಿ ಕಾಲರ್ ಹಾಕಿಸಿದೆ. ಯಾರ ಹತ್ತಿರವಾದರೂ ತಿಕ್ಕಿಸಿದ್ದೀಯಾ ಅಂತ ಕೇಳಿದೆ. ಕಟಿಂಗ್ ಅಂಗಡಿಗೆ ಹೋಗಿ 'ಲಟಕ್' ಅನ್ನಿಸಿಕೊಳ್ಳೋಣ ಅಂತ ಹೊರಟಿದ್ದನಂತೆ. ಪುಣ್ಯಕ್ಕೆ ಅವತ್ತು ಮಂಗಳವಾರ, ಅಂಗಡಿ ಬಂದ್!

ಕುತ್ತಿಗೆಯ ಮೊದಲ ಎರಡು ಎಲುಬು ಉಳಿದವುಗಳ ಹಾಗಲ್ಲ. ಮೇಲಿನದು ಒಂದು ಉಂಗುರ. ಎರಡನೆಯದರಿಂದ ಒಂದು ಗೂಟ ಎದ್ದು ಆ ಉಂಗುರದೊಳಗೆ ನಿಂತಿರುತ್ತದೆ. ನಾವು ತಲೆ ತಿರುಗಿಸುವುದರಲ್ಲಿ ಅರ್ಧದಷ್ಟು ಇಲ್ಲೇ ಆಗುತ್ತದೆ. ಉಂಗುರದ ಒಳಗನ್ನು ಮೂರು ಪಾಲು ಮಾಡಿದರೆ ಒಂದು ಪಾಲು ಗೂಟ, ಒಂದು ಪಾಲು ನರದ ಹುರಿ (ಬೆನ್ನುಹುರಿ), ಒಂದು ಪಾಲು ಖಾಲಿ. ಆ ಖಾಲಿ ಜಾಗ ಇರೋದ್ರಿಂದಲೇ ಎಷ್ಟೋ ಜನ ಇಂಥ ಕುತ್ತಿಗೆ ಇಟ್ಟುಕೊಂಡೂ ನಡೆದು ಬರುತ್ತಾರೆ.

ಬಾಯಿ ತೆರೆಸಿ ತೆಗೆದ ಎಕ್ಸ್‌ರೇಯಲ್ಲಿ ಹಲ್ಲು ಅಡ್ಡ ಬಂದು ಏನೂ ಸರಿಯಾಗಿ ಕಾಣಲಿಲ್ಲ. ಸಿಟಿ ಸ್ಕ್ಯಾನ್ ಮಾಡಿಸಿದೆವು. ಗೂಟದ ತುದಿ ಬೇರೆಯಾಗಿ ಮಣಿಯಂತೆ ಕೂತಿತ್ತು. "ಮುರಿದಿದೆ ಸರ್" ಅಂದರು ನಮ್ಮ ಜೂನಿಯರ್ ಡಾಕ್ಟರ್. ಅಂಚು ನೋಡಿ ಅಂದೆ. ಈಗ ಮುರಿದ ಎಲುಬಿನ ಅಂಚು ಮುರಿದ ಕಟಕ್ ರೊಟ್ಟಿಯ ಹಾಗೆ ಇರುತ್ತದೆ. ಇದು ಹೊಳೆಯ ಕಲ್ಲಿನಂತೆ ನುಣುಪಾಗಿತ್ತು, ಸುತ್ತ ಬಿಳಿ ಗೆರೆ. ಉಂಗುರದ ಮುಂಭಾಗವೂ ದಪ್ಪಗಾಗಿತ್ತು. ಅಂದರೆ ಹಳೆಯದು. ಇದಕ್ಕೆ ಆಸ್ ಓಡಾಂಟಾಯ್ಡಿಯಮ್ ಅಂತ ಹೆಸರು. ಹುಟ್ಟಿನಿಂದ ಬರುತ್ತದೋ, ಎಳವೆಯಲ್ಲಿ ಬಿದ್ದ ಪೆಟ್ಟಿನಿಂದಲೋ ಅನ್ನುವ ವಾದ ಇನ್ನೂ ಮುಗಿದಿಲ್ಲ.

ಅಂಚು ನೋಡುವ ಈ ಅಭ್ಯಾಸ ಇನ್ನೊಂದು ರೀತಿಯಲ್ಲೂ ಕೆಲಸಕ್ಕೆ ಬರುತ್ತದೆ. ನೂರರಲ್ಲಿ ಸುಮಾರು 4 ಜನಕ್ಕೆ ಉಂಗುರದ ಹಿಂಭಾಗ ಹುಟ್ಟಿನಿಂದಲೇ ಪೂರ್ತಿ ಕೂಡಿರುವುದಿಲ್ಲ. ಹಾವೇರಿ ಕಡೆಯ ಅಜ್ಜಿಯೊಬ್ಬರನ್ನು ಮೂಳೆ ಮುರಿತ ಅಂತ ಬರೆದು ನಮ್ಮಲ್ಲಿಗೆ ಕಳಿಸಿದ್ದರು. ನುಣುಪು ಅಂಚು, ಊತವಿಲ್ಲ, ಕೈಕಾಲು ಚೆನ್ನಾಗಿವೆ. ಸಂಜೆಯೇ ಮನೆಗೆ ಹೋದರು.

ಹುಡುಗನದು ಹಾಗಲ್ಲ. ಹಳೆಯದು ಅಂದ ಮಾತ್ರಕ್ಕೆ ಗಟ್ಟಿ ಅಂತಲ್ಲ, ಅಲ್ವಾ? ಕೆದಕಿ ಕೇಳಿದಾಗ ಬಾಯಿಬಿಟ್ಟ: "ಎರಡ್ ವರ್ಷ ಆತ್ರಿ. ಶೇಂಗಾ ಚೀಲ ಎತ್ತಾಕ ಬಗ್ಗಿದ್ರ ಬೆನ್ನಾಗ ಕರೆಂಟ್ ಹೊಡದಂಗ ಆಗ್ತೈತಿ." ಬಗ್ಗಿದಾಗ ಹುರಿಗೆ ಒತ್ತು ಬೀಳುತ್ತಿರಬಹುದು ಅಂತ ನನಗೆ ಸ್ಕ್ಯಾನಿಗಿಂತ ಜಾಸ್ತಿ ಹೇಳಿದ್ದು ಈ ಮಾತು.

ಇಲ್ಲೊಂದು ಮೋಸವಿದೆ. ಉಂಗುರದ ಮುಂಭಾಗಕ್ಕೂ ಗೂಟಕ್ಕೂ ನಡುವಿನ ಸಂದು ದೊಡ್ಡವರಲ್ಲಿ 3 ಮಿಲಿಮೀಟರ್, ಮಕ್ಕಳಲ್ಲಿ 5 ಮಿಲಿಮೀಟರ್ ದಾಟಬಾರದು ಅಂತ ನಾವೆಲ್ಲ ಕಲಿತಿರುತ್ತೇವೆ. ಇವನದು ದಾಟಿರಲಿಲ್ಲ. ಯಾಕೆಂದರೆ ಆ ಮಣಿ ಉಂಗುರಕ್ಕೇ ಅಂಟಿಕೊಂಡು ಅದರ ಜತೆಗೇ ಓಡಾಡುತ್ತದೆ. ಹಿಂದೆ ಹುರಿಗೆ ಎಷ್ಟು ಜಾಗ ಉಳಿದಿದೆ ಅನ್ನೋದನ್ನೇ ಅಳೆಯಬೇಕು. ಎಮರ್ಜೆನ್ಸಿಯಲ್ಲಿ ಕುತ್ತಿಗೆ ಬಗ್ಗಿಸಿ, ಎತ್ತಿಸಿ ಎಕ್ಸ್‌ರೇ ತೆಗೆಸುವ ಧೈರ್ಯ ನಾನು ಮಾಡುವುದಿಲ್ಲ, ಅದನ್ನು ಸರ್ಜನ್ ನಿರ್ಧರಿಸಲಿ. ಎಂಆರ್‌ಐಯಲ್ಲಿ ಹುರಿ ಆ ಜಾಗದಲ್ಲಿ ತೆಳ್ಳಗಾಗಿತ್ತು. ಇವನು ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದು ನೆನಪಾಗಿ ಮೈ ಜುಮ್ಮೆಂದಿತು.

ಎರಡೂ ಎಲುಬನ್ನು ಸ್ಕ್ರೂ ಹಾಕಿ ಕೂಡಿಸಿದರು. ಆರು ತಿಂಗಳ ಮೇಲೆ ಅದೇ ಬೈಕಿನಲ್ಲಿ ಬಂದ. ಕರೆಂಟ್ ಹೊಡೆಯುವುದು ನಿಂತಿದೆ. "ಕುತ್ತಿಗಿ ಹಿಂದ ಹೊಳ್ಳಂಗಿಲ್ರಿ ಸರ, ಅದಕ್ಕ ಎರಡೂ ಕಡೆ ಕನ್ನಡಿ ಹಾಕಿಸೀನಿ" ಅಂದ.