ಪದ ಪರಿಚಯ: ಬೀಜಕ ಮುದ್ರೆ

ಅಣಬೆಯ ಟೋಪಿಯನ್ನು ಕಾಂಡದಿಂದ ಬೇರ್ಪಡಿಸಿ, ಅಡಿಭಾಗ ಕೆಳಗಾಗುವಂತೆ ಕಾಗದದ ಮೇಲಿಟ್ಟು, ಬಟ್ಟಲೊಂದನ್ನು ಮುಚ್ಚಿ ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಅಲ್ಲಿ ನುಣುಪಾದ ಪುಡಿಯ ಗುರುತೊಂದು ಮೂಡಿರುತ್ತದೆ. ಟೋಪಿಯ ಅಡಿಯಲ್ಲಿ ಹಾಳೆಗಳಂತೆ ಒತ್ತೊತ್ತಾಗಿರುವ ಪದರಗಳಿಂದ ಉದುರಿದ ಬೀಜಕಗಳು, ಅಂದರೆ ಅಣಬೆಯ ಸಂತಾನ ಬೆಳೆಸುವ ಬೀಜದಂತಹ ಸೂಕ್ಷ್ಮ ಕಣಗಳು, ಗಾಡಿಚಕ್ರದ ಅರಗಳಂತೆ ಗೆರೆಗೆರೆಯಾಗಿ ಕೂತಿರುವ ಈ ಗುರುತೇ ಬೀಜಕ ಮುದ್ರೆ. ಹೆಸರಿನಲ್ಲಿ ‘ಮುದ್ರೆ’ ಇದ್ದರೂ ಇದನ್ನು ಯಾರೂ ಒತ್ತುವುದಿಲ್ಲ, ತಾನಾಗಿ ಉದುರಿದ್ದಷ್ಟೆ. ‘ಅಚ್ಚು’ ಎನ್ನಬಹುದಿತ್ತು, ಆದರೆ ಮಂಡ್ಯದ ಕಡೆಯವರಿಗೆ ಆ ಮಾತು ಕೇಳಿದೊಡನೆ ಬೆಲ್ಲವೇ ನೆನಪಾಗುತ್ತದೆ.

ಮುದ್ರೆಯಿಂದ ತಿಳಿಯುವುದು ಮುಖ್ಯವಾಗಿ ಬಣ್ಣ. ಒಂದು ಬೀಜಕದ ಉದ್ದ ಸಾಮಾನ್ಯವಾಗಿ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ತಿಳಿಬಣ್ಣದವು ಸೂಕ್ಷ್ಮದರ್ಶಕದಲ್ಲಿ ಬಿಡಿಬಿಡಿಯಾಗಿ ಕಂಡಾಗ ಬಹುತೇಕ ಬಣ್ಣವಿಲ್ಲದಂತೆಯೇ ತೋರುತ್ತವೆ, ರಾಶಿಯಾಗಿ ಬಿದ್ದಾಗ ಮಾತ್ರ ಅವುಗಳ ನಿಜಬಣ್ಣ ಹೊರಬೀಳುತ್ತದೆ. ಸ್ವೀಡನ್ನಿನ ಅಣಬೆ ತಜ್ಞ ಎಲಿಯಾಸ್ ಫ್ರೀಸ್ 1821ರಿಂದ ಪ್ರಕಟಿಸತೊಡಗಿದ ವರ್ಗೀಕರಣದಲ್ಲಿ ಪದರವುಳ್ಳ ಅಣಬೆಗಳನ್ನು ವಿಂಗಡಿಸಲು ಈ ಬಣ್ಣವನ್ನೇ ಆಧಾರವಾಗಿಸಿಕೊಂಡರು.

ನಮ್ಮ ಕಡೆ ಇದರ ಬೆಲೆ ತಿಳಿಯುವುದು ಮಳೆಗಾಲದಲ್ಲಿ. ಹುತ್ತದ ಮೇಲೇಳುವ, ಎಳೆದರೆ ಉದ್ದನೆಯ ಬೇರಿನಂತಹ ಬುಡದೊಡನೆ ಬರುವ ಹುತ್ತದ ಅಣಬೆಯ ಮುದ್ರೆ ನಸುಗೆಂಪು ಛಾಯೆಯದು. ಉಷ್ಣವಲಯದ ಹುಲ್ಲುಹಾಸುಗಳಲ್ಲಿ ಬೆಳೆಯುವ ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಎಂಬ ವಿಷದ ಅಣಬೆಯ ಪದರಗಳು ಎಳೆಯದರಲ್ಲಿ ಬಿಳಿಯಾಗಿಯೇ ಇದ್ದು ಕಣ್ಣಿಗೆ ಮೋಸ ಮಾಡುತ್ತವೆಯಾದರೂ, ಬಲಿತ ಟೋಪಿಯ ಮುದ್ರೆ ಮಾತ್ರ ಹಸಿರಾಗಿ ಬೀಳುತ್ತದೆ. ಹಾಗೆಂದು ಮುದ್ರೆಯನ್ನು ನಂಬಿ ಸಾರು ಮಾಡಲಾಗದು: ಚಿಪ್ಪಣಬೆಯ ಮುದ್ರೆಯೂ ಬಿಳಿಯ ಕಡೆಯದೇ, ಪ್ರಾಣ ತೆಗೆಯುವ ಅಮಾನಿಟಾ ಫಾಲಾಯ್ಡಿಸ್‌ನದೂ ಬಿಳಿಯೇ.

ಅಮೆರಿಕದ ಪೂರ್ವ ಕರಾವಳಿಯ ಮರಳುನೆಲದ ಪೈನ್–ಓಕ್ ಕಾಡುಗಳಲ್ಲಿ, ಮರದ ಬೇರುಗಳೊಡನೆ ಕೂಡಿ ಬಾಳುವ ರಸುಲಾ ಕುಲದ ಅಣಬೆಗಳನ್ನು ದಾಖಲಿಸುವವರಿಗೆ ಇದು ಇನ್ನೂ ಸೂಕ್ಷ್ಮವಾದ ಕೆಲಸ. ಅಚ್ಚ ಬಿಳಿಯಿಂದ ಗಾಢ ಹಳದಿಯವರೆಗೆ ಮುದ್ರೆ ಎಲ್ಲಿ ನಿಲ್ಲುತ್ತದೆಂಬುದು ಆ ಕುಲದಲ್ಲಿ ಪ್ರಭೇದ ಗುರುತಿಸುವ ಮುಖ್ಯ ಲಕ್ಷಣಗಳಲ್ಲೊಂದು.

ಮುದ್ರೆಗೆ ಅರ್ಧ ಕಪ್ಪು, ಅರ್ಧ ಬಿಳಿ ಕಾಗದ ಒಳ್ಳೆಯದು. ಬಿಳಿಯ ಮೇಲೆ ಬಿಳಿ ಬಿದ್ದರೆ ಏನೂ ಕಾಣದು. ಬಣ್ಣವನ್ನು ಹಗಲಿನ ಬೆಳಕಿನಲ್ಲಿ ನೋಡಿ ಬರೆದು, ಕಾಗದವನ್ನು ಮಡಚಿ, ದಿನಾಂಕ, ಜಾಗ, ಹತ್ತಿರವಿದ್ದ ಮರ ಇವಿಷ್ಟನ್ನು ನಮೂದಿಸಿ ಒಣಗಿಸಿದ ಅಣಬೆಯ ಜೊತೆಗೇ ಇಡಬೇಕು. ಮುಂದೆ ಹೆಸರಿನ ಬಗ್ಗೆ ತಕರಾರು ಎದ್ದಾಗ ಅಳೆಯಲು ಬೇಕಾಗುವ ಬಲಿತ ಬೀಜಕಗಳು ಆ ಮಡಿಕೆಯಲ್ಲಿ ಸಿಗುತ್ತವೆ.