ಬೆಲ್ಲದ ಚೂರು, ಒಂದೂವರೆ ಎಕರೆ ಮೈ: ನ್ಯಾನೋ ವಸ್ತುಗಳ ಟಿಪ್ಪಣಿ

ಮಂಡ್ಯದ ನಮ್ಮ ಮನೆಯಲ್ಲಿ ಕಾಫಿಗೆ ಬೆಲ್ಲವೇ ಆಗಬೇಕು. ಅಚ್ಚಿನಿಂದ ಒಡೆದ ಚೂರನ್ನು ಹಾಗೆಯೇ ಲೋಟಕ್ಕೆ ಹಾಕಿದರೆ ಕಾಫಿ ಆರುವವರೆಗೂ ತಳದಲ್ಲಿ ಕುಳಿತಿರುತ್ತದೆ. ಕುಟ್ಟಿ ಪುಡಿ ಮಾಡಿ ಹಾಕಿದರೆ ಚಮಚ ಎರಡು ಸುತ್ತು ಆಡುವಷ್ಟರಲ್ಲಿ ಕರಗಿಬಿಡುತ್ತದೆ. ಬೆಲ್ಲ ಅದೇ, ತೂಕವೂ ಅದೇ. ಹೆಚ್ಚಿದ್ದು ಕಾಫಿಗೆ ತಾಗುವ ಮೈ ಮಾತ್ರ. ಇದೊಂದನ್ನು ಹಿಡಿದುಕೊಂಡರೆ ನಾವು ಪರೀಕ್ಷೆಗೆ ಓದುವ ನ್ಯಾನೋ ವಸ್ತುಗಳ ಅಧ್ಯಾಯದ ಮುಕ್ಕಾಲು ಪಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಒಂದು ಸೆಂಟಿಮೀಟರ್ ಬದಿಯ ಘನಕ್ಕೆ ಆರು ಮುಖ, ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಮನಸ್ಸಿನಲ್ಲೇ ಒಂದು ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಿ. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಆಗ ಒಟ್ಟು ಮೇಲ್ಮೈ 6,000 ಚದರ ಮೀಟರ್ ಆಗುತ್ತದೆ. ನಮ್ಮ ಕಡೆಯ ಅಳತೆಯಲ್ಲಿ 59 ಗುಂಟೆ, ಒಂದೂವರೆ ಎಕರೆಗೆ ಒಂದೇ ಗುಂಟೆ ಕಡಿಮೆ! ಈ ಉತ್ತರ ಮೊದಲ ಸಲ ಬಂದಾಗ ನಾನು ಸೊನ್ನೆಗಳನ್ನು ಮೂರು ಬಾರಿ ಎಣಿಸಿದ್ದೆ.

ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ವ್ಯಾಪ್ತಿಯನ್ನು ನ್ಯಾನೋ ಎನ್ನುತ್ತಾರೆ. ಅಲ್ಲಿ ಮೇಲ್ಮೈ ಹೆಚ್ಚುವುದರ ಜೊತೆಗೆ ಬಣ್ಣ, ವಿದ್ಯುತ್ ವಾಹಕತೆಯಂಥ ಗುಣಗಳೂ ಬದಲಾಗುತ್ತವೆ. ಹತ್ತಿಪ್ಪತ್ತು ನ್ಯಾನೋಮೀಟರಿನ ಚಿನ್ನದ ಕಣಗಳು ನೀರಿನಲ್ಲಿ ತೇಲುವಾಗ ಹಳದಿಯಲ್ಲ, ಕೆಂಪು. ಮೈಕೆಲ್ ಫ್ಯಾರಡೆ 1857ರಲ್ಲೇ ಇದನ್ನು ಅಧ್ಯಯನ ಮಾಡಿದ್ದ. ಮೈಸೂರಿನಲ್ಲಿ ತಯಾರಾಗುವ ಚುನಾವಣಾ ಶಾಯಿಯನ್ನೂ ಇಲ್ಲಿ ನೆನೆಯಬಹುದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆರಳಿನ ಮೇಲೆ ಬೆಳಕಿಗೆ ಕಪ್ಪಾಗುತ್ತದೆ. ಹೊಳೆಯುವ ಬೆಳ್ಳಿ ತೀರ ಸಣ್ಣ ಕಣವಾದಾಗ ಕಾಣುವುದು ಹಾಗೆ. ಶಾಯಿಯನ್ನು ನ್ಯಾನೋ ಉತ್ಪನ್ನವೆಂದು ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ. ಕಣದ ಗಾತ್ರಕ್ಕೂ ಬಣ್ಣಕ್ಕೂ ಇರುವ ನಂಟು ನೆನಪಿರಲಿ ಎಂದಷ್ಟೇ ಹೇಳಿದೆ.

ಉದ್ಯಮದ ಉದಾಹರಣೆ ಕೇಳಿದರೆ ಎಲ್ಲರೂ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಎಂದು ಬರೆಯುತ್ತಾರೆ. ನಾನು ಟಯರ್ ಎಂದು ಬರೆಯುತ್ತೇನೆ. ಟಯರ್ ಕಪ್ಪಗಿರುವುದು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಂಥ ಇಂಗಾಲದ ಪುಡಿಯಿಂದ. ಅದರ ಮೂಲ ಕಣಗಳು ಹತ್ತಾರು ನ್ಯಾನೋಮೀಟರಿನಷ್ಟು ಚಿಕ್ಕವು. ಅವುಗಳ ವಿಶಾಲ ಮೈ ರಬ್ಬರನ್ನು ಎಲ್ಲ ಕಡೆಯಿಂದ ಹಿಡಿದುಕೊಳ್ಳುವುದರಿಂದ ಟಯರ್ ಬೇಗ ಸವೆಯುವುದಿಲ್ಲ. ವಾಹನದ ಹೊಗೆ ಶುದ್ಧಗೊಳಿಸುವ ವೇಗವರ್ಧಕದಲ್ಲಿ (ಕ್ಯಾಟಲಿಸ್ಟ್) ಪ್ಲಾಟಿನಂ ಕಣಗಳು ಕೆಲಸ ಮಾಡುವುದೂ ಇದೇ ಲೆಕ್ಕದ ಮೇಲೆ. ಆಹಾರದ ಪೊಟ್ಟಣಗಳಲ್ಲಿ ಜೇಡಿಮಣ್ಣಿನ ತೆಳು ಹಾಳೆಗಳನ್ನು ಪ್ಲಾಸ್ಟಿಕ್ಕಿನೊಳಗೆ ಹರಡುತ್ತಾರೆ. ಆಮ್ಲಜನಕ ನೇರವಾಗಿ ನುಗ್ಗಲಾರದೆ ಸುತ್ತಿ ಬಳಸಿ ಬರಬೇಕಾಗುತ್ತದೆ, ತಿಂಡಿ ಹೆಚ್ಚು ದಿನ ಕೆಡದೆ ಉಳಿಯುತ್ತದೆ.

ನಮ್ಮ ಜಿಲ್ಲೆಯವರಿಗೆ ಹತ್ತಿರದ ಉದಾಹರಣೆ ಎಲೆಗೆ ಸಿಂಪಡಿಸುವ ದ್ರವ ಗೊಬ್ಬರ ನ್ಯಾನೋ ಯೂರಿಯಾ. ಹಿಂದಿನ ಸಲ ಊರಿಗೆ ಹೋದಾಗ ಸೋದರಮಾವ ಗದ್ದೆಯ ಬದುವಿನ ಮೇಲೆ ನಿಂತು ಅರ್ಧ ಲೀಟರ್ ಬಾಟಲಿ ತೋರಿಸಿ ಕೇಳಿದರು: “ಓದಿದವನು ನೀನು, ಹೇಳಪ್ಪ. ಇದು ಒಂದು ಮೂಟೆಗೆ ಸಮ ಎನ್ನುತ್ತಾರೆ, ನಂಬಬಹುದೇ?” ಇಬ್ಬರೂ ಅಲ್ಲೇ ಕುಳಿತು ಲೆಕ್ಕ ಹಾಕಿದೆವು. 2021ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ರೂಪದಲ್ಲಿ ಸಾರಜನಕ ಶೇ. 4, ಅಂದರೆ ಬಾಟಲಿಗೆ 20 ಗ್ರಾಂ. 45 ಕೆ.ಜಿ. ಮೂಟೆಯ ಯೂರಿಯಾದಲ್ಲಿ ಶೇ. 46, ಅಂದರೆ 20.7 ಕಿಲೋ. ಎಲೆಯ ಮೂಲಕ ಸಣ್ಣ ಕಣ ನಷ್ಟವಿಲ್ಲದೆ ಒಳಗೆ ಹೋಗುತ್ತದೆ ಎನ್ನುವುದು ಒಂದು ವಾದ. ಬೆಳೆಗೆ ಬೇಕಾದ ಕಿಲೋಗಟ್ಟಲೆ ಸಾರಜನಕ ಎಲ್ಲಿಂದ ಬರಬೇಕು ಎನ್ನುವುದು ಹಲವು ಕೃಷಿ ವಿಜ್ಞಾನಿಗಳ ಪ್ರಶ್ನೆ. ನನಗೆ ಪ್ರಶ್ನೆಯೇ ಗಟ್ಟಿ ಎನ್ನಿಸುತ್ತದೆ. ಕಣ ಸಣ್ಣದಾದರೆ ಮೈ ಬೆಳೆಯುತ್ತದೆ, ತೂಕ ಬೆಳೆಯುವುದಿಲ್ಲ. “ಹಾಗಾದರೆ ಮೂಟೆಯನ್ನು ಪೂರ್ತಿ ಬಿಡುವುದಿಲ್ಲ” ಎಂದರು ಮಾವ.

ಸುರಕ್ಷತೆಯ ಪ್ರಶ್ನೆಯೂ ಅದೇ ಮೈಯಿಂದಲೇ ಹುಟ್ಟುತ್ತದೆ. ಹೆಚ್ಚು ಮೈ ಎಂದರೆ ಶ್ವಾಸಕೋಶದ ಜೀವಕೋಶಗಳಿಗೂ ಹೆಚ್ಚು ತಾಗುತ್ತದೆ. ಬಣ್ಣಗಳಲ್ಲಿ ಬಳಸುವ ಬಿಳಿ ಪುಡಿ ಟೈಟಾನಿಯಂ ಡೈಆಕ್ಸೈಡ್‌ಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 2011ರಲ್ಲಿ ಎರಡು ಮಿತಿ ಶಿಫಾರಸು ಮಾಡಿತು: ಸಾಧಾರಣ ನುಣುಪು ಪುಡಿಗೆ ಘನ ಮೀಟರ್ ಗಾಳಿಗೆ 2.4 ಮಿಲಿಗ್ರಾಂ, ನ್ಯಾನೋ ಪುಡಿಗೆ 0.3 ಮಿಲಿಗ್ರಾಂ. ರಾಸಾಯನಿಕ ಸೂತ್ರ ಒಂದೇ, ಮಿತಿಯಲ್ಲಿ ಎಂಟು ಪಟ್ಟು ಅಂತರ. ಈ ಜೋಡಿ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ. ಆಕಾರವೂ ಲೆಕ್ಕಕ್ಕೆ ಬರುತ್ತದೆ: ಉದ್ದನೆಯ, ಗಡುಸಾದ ಕಾರ್ಬನ್ ನ್ಯಾನೋ ನಳಿಕೆಗಳು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಲ್ನಾರಿನಂತೆಯೇ (ಆಸ್‌ಬೆಸ್ಟಾಸ್) ಉರಿಯೂತ ಉಂಟುಮಾಡಿವೆ.

ಹಾಗೆಂದು ಟಯರ್ ಮುಟ್ಟಲು ಹೆದರಬೇಕಿಲ್ಲ. ರಬ್ಬರಿನಲ್ಲಿ ಬಂಧಿಯಾದ ಕಣ ಸುಲಭವಾಗಿ ಗಾಳಿಗೆ ಹಾರುವುದಿಲ್ಲ. ಅಪಾಯ ಹೆಚ್ಚಿರುವುದು ಪುಡಿಯ ಚೀಲ ಬಿಚ್ಚಿ ಸುರಿಯುವ ಕಾರ್ಮಿಕನಿಗೆ. ನಮ್ಮ ಉತ್ತರಗಳಲ್ಲಿ ಗ್ರಾಹಕನ ಮಾತು ಒಂದು ಪುಟ ಬಂದರೆ ಈ ಕಾರ್ಮಿಕನಿಗೆ ಅರ್ಧ ಸಾಲೂ ಸಿಗುವುದಿಲ್ಲ, ಅದು ನನಗೆ ಬಹಳ ನೋವಿನ ಸಂಗತಿ.

ಪ್ರಯೋಗಾಲಯದಲ್ಲಿ ನಾವೂ ಅವನ ಜಾಗದಲ್ಲೇ ಇರುತ್ತೇವೆ. ಒಣ ಪುಡಿಯನ್ನು ತೆರೆದ ಮೇಜಿನ ಮೇಲೆ, ಫ್ಯಾನ್ ಕೆಳಗೆ ತೂಗಬೇಡಿ. ಗಾಳಿ ಹೀರುವ ಗೂಡಿನೊಳಗೆ (ಫ್ಯೂಮ್ ಹುಡ್) ತೂಗಿ, ಸಾಧ್ಯವಾದರೆ ದ್ರವದಲ್ಲಿ ಬೆರೆಸಿದ್ದನ್ನೇ ಬಳಸಿ. ಚೆಲ್ಲಿದರೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಆ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡದೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಮೇಲೆ ಪುಡಿಯ ಹೆಸರು ಬರೆದು ರಾಸಾಯನಿಕ ತ್ಯಾಜ್ಯದ ಡಬ್ಬಿಗೆ ಹಾಕಿ.