ಹಕ್ಕಿ ಕಾಳಿನ ಡಬ್ಬ ತೆಗೆದರೆ ಚಿಟ್ಟೆ ಹಾರುತ್ತೆ, ಏನು ಮಾಡೋದು?

ಪ್ರಶ್ನೆ: ಮನೆಯಲ್ಲಿ ಎರಡು ಜೋಡಿ ಲವ್ ಬರ್ಡ್ಸ್ ಇವೆ. ಕಡಿಮೆ ರೇಟಿಗೆ ಸಿಕ್ಕಿತು ಅಂತ ಒಟ್ಟಿಗೆ 10 ಕೆ.ಜಿ. ನವಣೆ ತಂದಿಟ್ಟೆವು. ಈಗ ಡಬ್ಬ ತೆಗೆದರೆ ಸಣ್ಣ ಚಿಟ್ಟೆಗಳು ಹಾರುತ್ತವೆ, ಕಾಳೆಲ್ಲ ಬಲೆ ಕಟ್ಟಿಕೊಂಡಿದೆ. ಅಕ್ಕಿಗೆ ಹಾಕುವ ಬೋರಿಕ್ ಪೌಡರ್ ಇದಕ್ಕೂ ಹಾಕಬಹುದಾ?

ಹಾಕಬೇಡಿ. ಅಕ್ಕಿಯನ್ನಾದರೆ ನಾವು ಎರಡು ಮೂರು ಸಲ ತೊಳೆದು ಬೇಯಿಸುತ್ತೇವೆ, ಹಕ್ಕಿ ತೊಳೆಯುತ್ತಾ? ಕಾಳನ್ನು ಕೊಕ್ಕಿನಲ್ಲಿ ಹಿಡಿದು, ನಾಲಿಗೆಯಿಂದ ತಿರುಗಿಸಿ ತಿರುಗಿಸಿ ಸಿಪ್ಪೆ ಬಿಡಿಸುತ್ತೆ, ಅಷ್ಟರಲ್ಲಿ ಸಿಪ್ಪೆ ಮೇಲಿದ್ದ ಪುಡಿ ಬಾಯಿಗೆ ಹೋಗಿರುತ್ತೆ. ನೀವು ಲವ್ ಬರ್ಡ್ಸ್ ಅಂತಿರುವುದು ಬಡ್ಜಿ ಅನ್ನೋ ಪುಟ್ಟ ಗಿಳಿ ಇರಬೇಕು, ಅದರ ತೂಕವೇ 30–40 ಗ್ರಾಂ. ಪಾದರಸದ ಗುಳಿಗೆ, ನುಸಿ ಗುಳಿಗೆಯೂ ಬೇಡ. ಗೋದಾಮಿನಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಂತೂ ಮನೆಯೊಳಗೇ ತರಬೇಡಿ, ಗಾಳಿಯ ತೇವ ತಾಗಿದರೆ ಅದು ಬಿಡುವ ಗ್ಯಾಸ್ ಮನುಷ್ಯರನ್ನೂ ಕೊಲ್ಲುತ್ತೆ.

ಈಗ ಚಿಟ್ಟೆ ವಿಷಯ. ರೆಕ್ಕೆ ಪೂರ್ತಿ ಬೂದುಗಂದು ಇದ್ದರೆ ಅದು ಅಕ್ಕಿ ಪತಂಗ. ಬುಡದ ಕಡೆ ಬೂದು, ತುದಿ ಕಡೆ ತಾಮ್ರದ ಬಣ್ಣ ಇದ್ದರೆ ಇಂಡಿಯನ್ ಮೀಲ್ ಮಾತ್. ಹೆಸರಿನಲ್ಲಿ ನಮ್ಮ ದೇಶ ಇದೆ ಅಂದುಕೊಳ್ಳಬೇಡಿ, ಅಮೆರಿಕದಲ್ಲಿ ಹಿಂದೆ ಜೋಳದ ಹಿಟ್ಟಿಗೆ, ಅಂದ್ರೆ ನಮ್ಮ ಮೆಕ್ಕೆಜೋಳದ ಹಿಟ್ಟಿಗೆ, ಇಂಡಿಯನ್ ಮೀಲ್ ಅನ್ನುತ್ತಿದ್ದರು. ಇನ್ನು ಅಕ್ಕಿ ಪತಂಗವನ್ನು ಪ್ರಯೋಗಾಲಯಗಳಲ್ಲಿ ಬೇಕಂತಲೇ ಸಾಕುತ್ತಾರೆ! ಕಬ್ಬಿನ ಕಾಂಡ ಕೊರಕ ಹುಳವನ್ನು ಹತೋಟಿಗೆ ತರಲು ಬಿಡುವ ಟ್ರೈಕೋಗ್ರಾಮ ಅನ್ನೋ ಪುಟ್ಟ ಕಣಜದ ಹುಳ ಬೆಳೆಯುವುದು ಇದರ ಮೊಟ್ಟೆಯೊಳಗೆ. ಸಾಕುವ ವಿಧಾನ ಏನು ಗೊತ್ತಾ? ನುಚ್ಚು ಮಾಡಿದ ಜೋಳ ಅಥವಾ ಸಜ್ಜೆಯನ್ನು ಡಬ್ಬದಲ್ಲಿ ತುಂಬಿಡುವುದು. ನಿಮ್ಮ ಮನೆಯಲ್ಲೂ ಹೆಚ್ಚುಕಡಿಮೆ ಅದೇ ನಡೆದಿದೆ.

ಹಾರುವ ಚಿಟ್ಟೆ ಕಾಳು ತಿನ್ನುವುದಿಲ್ಲ, ತಿನ್ನೋದೆಲ್ಲ ಹುಳ. ಮೊಟ್ಟೆ ಬಹಳ ಸಲ ಅಂಗಡಿಯಿಂದಲೇ ಕಾಳಿನ ಜೊತೆ ಬಂದಿರುತ್ತೆ. ಹಾಗಾಗಿ ಬರೀ ಗಟ್ಟಿ ಮುಚ್ಚಳ ಹಾಕುವುದು ಕಳ್ಳನನ್ನು ಒಳಗೆ ಬಿಟ್ಟು ಬೀಗ ಹಾಕಿದ ಹಾಗೆ. ಬೇವಿನ ಎಲೆಯೂ ಒಳಗಿರುವ ಮೊಟ್ಟೆಯನ್ನು ಸಾಯಿಸುವುದಿಲ್ಲ.

ಮೊದಲು ಮೊಟ್ಟೆ ಸಾಯಬೇಕು. ಕಾಳು ತಂದ ದಿನವೇ ಕೆ.ಜಿ. ಕೆ.ಜಿ. ಪೊಟ್ಟಣ ಕಟ್ಟಿ, ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ಒಂದು ವಾರ ಇಡಿ. ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟರೆ ಹುಳ ನಿಧಾನ ಆಗುತ್ತೆ ಅಷ್ಟೆ. ತೆಗೆದ ಮೇಲೆ ಅರ್ಧ ದಿನ ಪೊಟ್ಟಣ ಬಿಚ್ಚಬೇಡಿ, ತಣ್ಣಗಿನ ಕಾಳಿಗೆ ಗಾಳಿ ತಾಗಿದರೆ ಬೆವರಿ ಬೂಷ್ಟು ಹಿಡಿಯುತ್ತೆ. ಫ್ರೀಜರ್ ತುಂಬಾ ಬಟಾಣಿ, ಐಸ್‌ಕ್ರೀಮೇ ಇದ್ದರೆ ಬೇಸಿಗೆಯ ಬಿಸಿಲಿದೆ. ತಾರಸಿಯಲ್ಲಿ ಕಪ್ಪು ಶೀಟ್ ಹಾಸಿ, ಕಾಳು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಕಲ್ಲಿಡಿ. ಸುಮ್ನೆ ಬಟ್ಟೆ ಮೇಲೆ ಹರಡಿದರೆ ಹುಳಗಳು ನೆರಳು ಹುಡುಕಿಕೊಂಡು ಹೋಗುತ್ತವೆ.

ಆಮೇಲೆ ಡಬ್ಬ. ತೆಳು ಕವರನ್ನು ಹುಳ ಕೊರೆಯುತ್ತೆ. ಎರಡು ಲೀಟರಿನ ಕೂಲ್ ಡ್ರಿಂಕ್ ಬಾಟಲಿ ತೊಳೆದು, ಪೂರ್ತಿ ಒಣಗಿಸಿ ತುಂಬಿಸಿ. ದುಡ್ಡು ಕೊಟ್ಟು ತಂದ ಎಷ್ಟೋ ಡಬ್ಬಕ್ಕಿಂತ ಅದೇ ವಾಸಿ.

ನಾನು ಒಮ್ಮೆ ಇಷ್ಟೆಲ್ಲ ಮಾಡಿಯೂ ಸೋತಿದ್ದೆ. ಡಬ್ಬ ಶುದ್ಧ, ಕಾಳು ಶುದ್ಧ, ಆದರೂ ಸಂಜೆ ದೀಪ ಹಾಕಿದರೆ ಚಿಟ್ಟೆ. ಕೊನೆಗೆ ನೋಡಿದರೆ ಗೋಡೆ ಗಡಿಯಾರದ ಹಿಂದೆ ಬಿಳಿ ಗೂಡುಗಳ ಸಾಲು! ಬೆಳೆದ ಹುಳ ಕಾಳು ಬಿಟ್ಟು ಹರಿದು ಹೋಗಿ ಎಲ್ಲೋ ಮೂಲೆಯಲ್ಲಿ ಗೂಡು ಕಟ್ಟುತ್ತೆ. ಶೆಲ್ಫಿನ ಸಂದು, ಸೂರಿನ ಮೂಲೆ ಒರೆಸಿ. ಪಕ್ಕದಲ್ಲಿರುವ ರವೆ, ಕಡಲೆಬೀಜದ ಡಬ್ಬಗಳನ್ನೂ ಒಮ್ಮೆ ನೋಡಿ.

ಈಗಿರುವ ನವಣೆ? ಒಂದೆರಡು ಎಳೆ ಬಲೆ ಇದ್ದರೆ ಜರಡಿ ಹಿಡಿದು, ಫ್ರೀಜರಿನಲ್ಲಿಟ್ಟು ಹಾಕಬಹುದು. ಹುಳ ಹೊಟ್ಟೆಗೆ ಹೋದರೆ ಹಕ್ಕಿಗೇನೂ ಆಗಲ್ಲ. ಆದರೆ ಉಂಡೆ ಕಟ್ಟಿ ಮುಗ್ಗಲು ವಾಸನೆ ಬಂದಿದ್ದರೆ ಎಸೆಯಿರಿ, ಗುಬ್ಬಿಗಳು ತಿನ್ನಲಿ ಅಂತ ತಾರಸಿಗೂ ಹಾಕಬೇಡಿ, ಬೂಷ್ಟಿನ ವಿಷ ಅವಕ್ಕೂ ವಿಷವೇ.

ಮತ್ತೆ ಆ ಕಡಿಮೆ ರೇಟು. ಒಂದು ಬಡ್ಜಿ ದಿನಕ್ಕೆ 10 ಗ್ರಾಂ ತಿಂದರೂ ನಾಲ್ಕಕ್ಕೆ 40 ಗ್ರಾಂ, 10 ಕೆ.ಜಿ. ಮುಗಿಯಲು 250 ದಿನ ಬೇಕು. ಸೆಕೆಗಾಲದಲ್ಲಿ ಮೊಟ್ಟೆ ಚಿಟ್ಟೆಯಾಗಲು ಒಂದೂವರೆ ತಿಂಗಳು ಸಾಕು. ಮುಂದಿನ ಸಲ ಎರಡು ಕೆ.ಜಿ. ತನ್ನಿ.